ನಿನ್ನೆ ಮಾತಾಡಿದೆ: ಸ್ಪ್ಯಾನಿಷ್‌ನಲ್ಲಿ ಹೇಳೋದು ಹೇಗೆ?

ಸ್ಪ್ಯಾನಿಷ್ ಭೂತಕಾಲದ ಪಟ್ಟಿ ನೋಡಿದ ತಕ್ಷಣ ಪುಸ್ತಕ ಮುಚ್ಚಿಬಿಡಬೇಡಿ. 'ನಿನ್ನೆ ಬಂದೆವು' ಅಂದರೆ ಸಾಕು, ಬಂದದ್ದು ನಾವೇ ಅಂತ ಗೊತ್ತಾಗುತ್ತದೆ ಅಲ್ವಾ? ಅಲ್ಲೂ ಹಾಗೇ. ಯಾರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ.

ಮೊದಲು ಹಳೇ ಬಾಲ ಕತ್ತರಿಸಿ. ಅಬ್ಲಾರ್ ಅಂದರೆ ಮಾತಾಡು. ಕೊನೆಯ 'ಆರ್' ತೆಗೆದರೆ 'ಅಬ್ಲ್' ಉಳಿಯಿತು. ಅದಕ್ಕೆ ಹೊಸ ಬಾಲ ಅಂಟಿಸಿ: ನಾನು ಅಬ್ಲೇ, ನೀನು ಅಬ್ಲಾಸ್ತೆ, ಅವನು ಅಥವಾ ಅವಳು ಅಬ್ಲೋ, ನಾವು ಅಬ್ಲಾಮೊಸ್, ಅವರು ಅಬ್ಲಾರೊನ್. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ 'ನೀವೆಲ್ಲ' ಅನ್ನೋಕೆ ಅಬ್ಲಾಸ್ತೆಯಿಸ್ ಅಂತ ಇನ್ನೊಂದಿದೆ, ಲ್ಯಾಟಿನ್ ಅಮೆರಿಕದಲ್ಲಿ ಅದರ ಬದಲು ಅಬ್ಲಾರೊನ್ ಅನ್ನುತ್ತಾರೆ, ಹಾಗಾಗಿ ಮೆಕ್ಸಿಕೊ ಕಡೆ ಹೊರಟವರು ಅದನ್ನು ಸದ್ಯಕ್ಕೆ ಬಿಡಬಹುದು.

'ಏರ್', 'ಈರ್' ಅಂತ ಮುಗಿಯೋ ಕ್ರಿಯಾಪದಗಳಿಗೆ, ಎರಡಕ್ಕೂ ಒಂದೇ ಬಾಲ. ಕೊಮೇರ್ ಅಂದರೆ ತಿನ್ನು: ಕೊಮೀ, ಕೊಮೀಸ್ತೆ, ಕೊಮಿಯೋ, ಕೊಮೀಮೊಸ್, ಕೊಮಿಯೇರೊನ್. ಬಿಬೀರ್, ಅಂದರೆ ಬದುಕು, ಇದೇ ದಾರಿ.

ಇನ್ನು ಎಡವೋ ಜಾಗ. ನಾನು ದೀರ್ಘ ಬರೆದ ಕಡೆ ಒತ್ತಿ ಹೇಳಿ. ಆಬ್ಲೊ ಅಂದರೆ 'ನಾನು ಮಾತಾಡುತ್ತೇನೆ', ಅಬ್ಲೋ ಅಂದರೆ 'ಅವನು ಮಾತಾಡಿದ'. ಒತ್ತು ಜಾರಿದರೆ ಕಾಲವೂ ಹೋಯಿತು, ಆಳೂ ಬದಲಾದ! ಅದಕ್ಕೇ ಬರೆಯುವಾಗ ಕೊನೆಯ ಸ್ವರದ ತಲೆ ಮೇಲೆ ಓರೆ ಗೆರೆ ಹಾಕುತ್ತಾರೆ. ಅದನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ.

ಗೌರವದ 'ನೀವು', ಅಂದರೆ ಉಸ್ತೇದ್, ಬಂದಾಗಲೂ ಜೋಪಾನ. ನಮ್ಮಲ್ಲಿ ಒಬ್ಬರಿಗೇ ಬಹುವಚನ ಕೊಡುತ್ತೇವೆ, ಅಲ್ಲಿ 'ಅವನು, ಅವಳು' ರೂಪವೇ ಸಾಕು: ಉಸ್ತೇದ್ ಅಬ್ಲೋ.

ಯಾವಾಗ ಬಳಸೋದು? 'ಮಾಡಿದೆ', 'ಮಾಡುತ್ತಿದ್ದೆ' ನೆನಪಿಟ್ಟುಕೊಳ್ಳಿ. ನಿನ್ನೆ ಅನ್ನ ತಿಂದೆ ಅನ್ನೋಕೆ 'ಅಯೇರ್ ಕೊಮೀ ಅರ್ರೋಸ್'. ಚಿಕ್ಕವನಿದ್ದಾಗ ದಿನಾ ತಿನ್ನುತ್ತಿದ್ದೆ ಅನ್ನೋಕೆ 'ಕೊಮೀಯ', ಅದು ಬೇರೆಯದೇ ರೂಪ. ಆದರೆ ಕೆಲಸ ತುಂಬಾ ದಿನ ನಡೆಯಿತು ಅಂತ ರೂಪ ಬದಲಿಸಬೇಡಿ. ಮ್ಯಾಡ್ರಿಡ್‌ನಲ್ಲಿ 5 ವರ್ಷ ಬದುಕಿ ಬಂದಿದ್ದರೂ, ಲೆಕ್ಕ ಮುಗಿದಿದೆ, ಹಾಗಾಗಿ 'ಬಿಬೀ ಸಿಂಕೊ ಆನ್ಯೊಸ್ ಎನ್ ಮದ್ರೀದ್' ಅನ್ನಬೇಕು. ಸ್ಪೇನ್‌ನ ಬಹಳಷ್ಟು ಕಡೆ ಇವತ್ತು ಬೆಳಿಗ್ಗೆ ತಿಂದದ್ದಕ್ಕೆ 'ಎ ಕೊಮೀದೊ' ಅನ್ನುತ್ತಾರೆ, ಮೆಕ್ಸಿಕೊದಲ್ಲಿ ಅದಕ್ಕೂ 'ಕೊಮೀ' ನಡೆಯುತ್ತದೆ.

ಅಭ್ಯಾಸಕ್ಕೆ ರಾತ್ರಿ ಮಲಗೋ ಮುಂಚೆ ನಿನ್ನೆ ಮಾಡಿದ 3 ಕೆಲಸ ಜೋರಾಗಿ ಹೇಳಿ. ಮೊದಲ ವಾರ 'ಹೋದೆ' ಮಾತ್ರ ಬೇಡ, ಅದು ಯಾವ ನಿಯಮಕ್ಕೂ ಬಗ್ಗುವುದಿಲ್ಲ.