ರೆಸಾರ್ಟ್ ಮೆಂಬರ್‌ಶಿಪ್ ಬಿಡಿಸಿಕೊಡುತ್ತೇವೆ ಎನ್ನುವವರನ್ನು ನಂಬಬಹುದೇ? ಹೀಗೆ ಪರೀಕ್ಷಿಸಿ

ಮಂಗಳೂರಿನ ಮಾಲ್‌ನಲ್ಲಿ ಕೂಪನ್ ತುಂಬಿಸಿ, "ಬಹುಮಾನ ಬಂದಿದೆ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ" ಎಂಬ ಫೋನ್ ನಂಬಿ ಹೋಗಿ, 25 ವರ್ಷದ ರೆಸಾರ್ಟ್ ಮೆಂಬರ್‌ಶಿಪ್‌ಗೆ ಸಹಿ ಹಾಕಿ ಬಂದವರು ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಬೇಕಾದಷ್ಟು ಜನ ಇದ್ದಾರೆ. ಗಲ್ಫ್‌ನಿಂದ ರಜೆಗೆ ಬಂದವರು, ಅಡಿಕೆಗೆ ಒಳ್ಳೆ ರೇಟು ಸಿಕ್ಕಿದ ವರ್ಷದ ಕೃಷಿಕರು, ನಿವೃತ್ತ ಅಧ್ಯಾಪಕರು. ಮೊದಲೇ ಹಣ ಕೊಟ್ಟು ವರ್ಷಕ್ಕೆ ಕೆಲವು ದಿನ ರೆಸಾರ್ಟ್‌ನಲ್ಲಿ ಉಳಿಯುವ ಈ ಮೆಂಬರ್‌ಶಿಪ್ಪನ್ನೇ ಟೈಮ್‌ಶೇರ್ ಎನ್ನುವುದು. ಮಕ್ಕಳಿಗೆ ರಜೆ ಇರುವಾಗ ರೂಮು ಸಿಗುವುದಿಲ್ಲ, ಮೇಂಟೆನೆನ್ಸ್ ಫೀಸು ಮಾತ್ರ ವರ್ಷ ವರ್ಷ ಕಟ್ಟಬೇಕು. ಸಾಕಪ್ಪಾ ಸಾಕು ಅನ್ನಿಸುವ ಹೊತ್ತಿಗೆ ಇನ್ನೊಂದು ಫೋನ್ ಬರುತ್ತದೆ: "ನಿಮ್ಮ ಮೆಂಬರ್‌ಶಿಪ್ ಬಿಡಿಸಿಕೊಡುತ್ತೇವೆ, ಹಣ ವಾಪಸ್ ಕೊಡಿಸುತ್ತೇವೆ."

ಈ ಎರಡನೇ ಫೋನಿನಲ್ಲಿ ಮೊದಲಿಗಿಂತ ಜಾಸ್ತಿ ಕಳೆದುಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಫೋನ್ ಇಡಿ

ನಿಮ್ಮ ಮೆಂಬರ್‌ಶಿಪ್ ನಂಬರ್, ಕಟ್ಟಿದ ಮೊತ್ತ ಎಲ್ಲ ಅವರಿಗೆ ಗೊತ್ತಿರುತ್ತದೆ. ಅದರಿಂದ ನಂಬಿಕೆ ಹುಟ್ಟಬಾರದು. ಗ್ರಾಹಕರ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. "ಇಮೇಲ್ ಮಾಡಿ" ಎಂದಷ್ಟೇ ಹೇಳಿ ಇಟ್ಟುಬಿಡಿ.

ಹೆಜ್ಜೆ 2: ರೆಸಾರ್ಟ್ ಕಂಪೆನಿಯನ್ನೇ ಕೇಳಿ

ಹಳೆಯ ಅಗ್ರಿಮೆಂಟ್ ಹುಡುಕಿ ತೆಗೆಯಿರಿ. ಕ್ಯಾನ್ಸಲೇಷನ್ ಮತ್ತು ಟ್ರಾನ್ಸ್‌ಫರ್ ಎಂಬ ಎರಡು ಭಾಗ ಓದಿ. ಮೆಂಬರ್‌ಶಿಪ್ ಬೇರೆಯವರ ಹೆಸರಿಗೆ ಹೋಗಬೇಕಾದರೆ ಸಾಮಾನ್ಯವಾಗಿ ರೆಸಾರ್ಟ್ ಕಂಪೆನಿಯ ಒಪ್ಪಿಗೆ ಬೇಕು, ಅದಕ್ಕೊಂದು ಫೀಸೂ ಇರುತ್ತದೆ. ಹಾಗಿರುವಾಗ ನಡುವಿನ ಏಜೆಂಟ್ "ನಾಳೆಯೇ ಮಾರಿಸುತ್ತೇನೆ" ಎನ್ನುವುದು ಹೇಗೆ ಸಾಧ್ಯ, ಅಲ್ವಾ?

ಅಗ್ರಿಮೆಂಟಿನಲ್ಲಿ ಇರುವ ವಿಳಾಸಕ್ಕೆ ಇಮೇಲ್ ಕಳಿಸಿ. ಬಿಡುವ ದಾರಿ ಏನು, ಎಷ್ಟು ಹಣ ವಾಪಸ್ ಬರುತ್ತದೆ, ಈ ಹೆಸರಿನ ಏಜೆಂಟ್ ನಿಮ್ಮವರಾ ಎಂದು ಕೇಳಿ. ಉತ್ತರ ಬರಹದಲ್ಲೇ ಬರಲಿ. ಕಸ್ಟಮರ್ ಕೇರ್ ನಂಬರ್‌ಗಾಗಿ ಗೂಗಲ್ ಹುಡುಕಬೇಡಿ. ಅಲ್ಲಿ ಮೋಸಗಾರರು ಹಾಕಿದ ನಂಬರ್‌ಗಳೂ ಇರುತ್ತವೆ.

ಹೆಜ್ಜೆ 3: ಕಂಪೆನಿಯ ಜಾತಕ ನೋಡಿ

ಬಿಡಿಸಿಕೊಡುತ್ತೇವೆ ಎಂದು ಫೋನ್ ಮಾಡಿದವರ ಸಿಐಎನ್ (ಕಂಪೆನಿಯ ಸರಕಾರಿ ನೋಂದಣಿ ಸಂಖ್ಯೆ) ಮತ್ತು ಜಿಎಸ್‌ಟಿ ನಂಬರ್ ಕೇಳಿ. ಕೊಡದಿದ್ದರೆ ಅಲ್ಲಿಗೇ ಮುಗಿಯಿತು.

ಸಿಐಎನ್‌ನಲ್ಲಿ 21 ಅಕ್ಷರ ಮತ್ತು ಅಂಕೆ ಇರುತ್ತವೆ. ಮೊದಲು ಒಂದು ಅಕ್ಷರ, ಆಮೇಲೆ ಐದು ಅಂಕೆ, ನಂತರ ರಾಜ್ಯದ ಎರಡಕ್ಷರ, ಅದರ ಬೆನ್ನಿಗೇ ಕಂಪೆನಿ ನೋಂದಣಿಯಾದ ವರ್ಷ. "ಇಪ್ಪತ್ತು ವರ್ಷದ ಅನುಭವ" ಎನ್ನುವವರ ಸಿಐಎನ್‌ನಲ್ಲಿ 2024 ಎಂದಿದ್ದರೆ ಉಳಿದದ್ದನ್ನು ಕೇಳಬೇಕಾಗಿಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪೆನಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು.

ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ಅಂಕೆ ರಾಜ್ಯದ್ದು: ಕೇರಳಕ್ಕೆ 32, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ದಿಲ್ಲಿಗೆ 07. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನಂಬರ್ ಹಾಕಿ ಹೆಸರು, ನೋಂದಣಿ ದಿನಾಂಕ, ರಿಟರ್ನ್ ಸಲ್ಲಿಸಿದ ವಿವರ ನೋಡಬಹುದು. ನೀರ್ಚಾಲಿನ ನಿವೃತ್ತ ಮಾಸ್ತರರೊಬ್ಬರಿಗೆ ಬಂದ ಪತ್ರ ನನ್ನ ಕಣ್ಣ ಮುಂದೆಯೇ ಇದೆ. ಬಣ್ಣದ ಲೆಟರ್‌ಹೆಡ್, ನೀಲಿ ದುಂಡು ಸೀಲು, ಮುಂಬೈ ಅಂಧೇರಿಯ ವಿಳಾಸ. ಕೆಳಗೆ ಸಣ್ಣಕ್ಷರದ ಜಿಎಸ್‌ಟಿ ನಂಬರ್ ಮಾತ್ರ 07ರಿಂದ ಶುರು. ಸೀಲಿನ ಮೇಲೆ ಬೆರಳಿಟ್ಟು ನೋಡಿದರೆ ಅದೂ ಪ್ರಿಂಟ್ ಆದದ್ದೇ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಆ ನಂಬರ್ ಹಾಕಿಸಿದಾಗ ಬಂದದ್ದು ಬೇರೆ ಯಾವುದೋ ಅಂಗಡಿಯ ಹೆಸರು, ಅದೂ ನೋಂದಣಿ ರದ್ದಾದದ್ದು.

ಸಣ್ಣ ಉದ್ದಿಮೆಗಳಿಗೆ ಸಿಗುವ ಉದ್ಯಮ್ ಸರ್ಟಿಫಿಕೇಟ್ ತೋರಿಸಿದರೆ ಮರುಳಾಗಬೇಡಿ. ಅದು ಆನ್‌ಲೈನ್‌ನಲ್ಲಿ ಸ್ವಯಂ ಘೋಷಣೆಯ ಮೇಲೆ ಉಚಿತವಾಗಿ ಸಿಗುತ್ತದೆ. ಐದು ನಕ್ಷತ್ರದ ರಿವ್ಯೂಗಳನ್ನು ದುಡ್ಡು ಕೊಟ್ಟು ಬರೆಸಬಹುದು. ನನ್ನನ್ನು ಕೇಳಿದರೆ, ಒಂದು ನಕ್ಷತ್ರದವನ್ನು ಮಾತ್ರ ಓದಿ.

ಹೆಜ್ಜೆ 4: ದುಡ್ಡು ಯಾವಾಗ ಕೇಳುತ್ತಾರೆ?

ಜನ ಜಾರಿ ಬೀಳುವುದು ಇಲ್ಲೇ. ನಿಧಾನವಾಗಿ ಓದಿ.

ಆಟ ಹೀಗೆ ನಡೆಯುತ್ತದೆ. "ಗಿರಾಕಿ ಸಿಕ್ಕಿದ್ದಾನೆ, ನಾಲ್ಕು ಲಕ್ಷ ಕೊಡುತ್ತಾನೆ. ನೀವು ಪ್ರೊಸೆಸಿಂಗ್ ಫೀಸು ಹನ್ನೆರಡು ಸಾವಿರ ಕಟ್ಟಿ." ಕಟ್ಟುತ್ತೀರಿ. ಎರಡು ದಿನ ಬಿಟ್ಟು, "ನಾಲ್ಕು ಲಕ್ಷಕ್ಕೆ 18 ಪರ್ಸೆಂಟ್ ಜಿಎಸ್‌ಟಿ, 72 ಸಾವಿರ. ಚೆಕ್ ಜೊತೆಗೆ ಇದೂ ವಾಪಸ್ ಬರುತ್ತದೆ." ಆಮೇಲೆ ಎನ್‌ಒಸಿ, ಸ್ಟಾಂಪ್ ಡ್ಯೂಟಿ, ಆರ್‌ಬಿಐ ಕ್ಲಿಯರೆನ್ಸ್. ಚೆಕ್ಕಿನ ಫೋಟೊ ವಾಟ್ಸಾಪ್‌ನಲ್ಲಿ ಬರುತ್ತದೆ, ಚೆಕ್ ಬರುವುದಿಲ್ಲ. ಮೊದಲು ಕೊಟ್ಟದ್ದು ಹೋಗಬಾರದು ಎಂಬ ಆಸೆಗೆ ಜನ ಮತ್ತೆ ಮತ್ತೆ ಕಟ್ಟುತ್ತಾ ಹೋಗುತ್ತಾರೆ.

ಏಜೆಂಟನ ಕಮಿಷನ್‌ಗೆ ಜಿಎಸ್‌ಟಿ ಇರಬಹುದು. ಅದು ಅವನ ಕಮಿಷನ್ ಮೊತ್ತಕ್ಕೆ ಮಾತ್ರ, ಅವನ ಬಿಲ್ಲಿನಲ್ಲೇ ಬರುತ್ತದೆ. ನಿಮಗೆ ಬರಬೇಕಾದ ಪೂರ್ತಿ ಹಣದ ಮೇಲೆ ನೀವೇ ಮೊದಲು ಅವನ ಖಾತೆಗೆ ತೆರಿಗೆ ಹಾಕುವ ಕ್ರಮ ಇಲ್ಲವೇ ಇಲ್ಲ. ರಿಸರ್ವ್ ಬ್ಯಾಂಕಿಗೂ ನಿಮ್ಮ ಮೆಂಬರ್‌ಶಿಪ್‌ಗೂ ಏನೇನೂ ಸಂಬಂಧವಿಲ್ಲ.

ಒಂದೇ ಮಾತು ಹೇಳಿ: "ಬರುವ ಹಣದಲ್ಲಿ ನಿಮ್ಮ ಪಾಲು ಹಿಡಿದುಕೊಂಡು ಉಳಿದದ್ದು ಕೊಡಿ." ಮೋಸಗಾರ ಇದಕ್ಕೆ ಒಪ್ಪುವುದೇ ಇಲ್ಲ, ಕಾರಣದ ಮೇಲೆ ಕಾರಣ ಹೇಳುತ್ತಾನೆ. ಈ ದಂಧೆ ಬಹಳ ಹಿಂದಿನಿಂದ ಇರುವ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜನರಿಗೆ ಹೇಳುತ್ತಾ ಬಂದಿರುವುದೂ ಇದನ್ನೇ, ಮುಂಗಡ ಕೇಳುವವರಿಂದ ದೂರ ಇರಿ ಎಂದು. ನನ್ನ ಸಲಹೆ ಇನ್ನೂ ಖಡಕ್: ಕೆಲಸ ಆಗುವ ಮೊದಲು ಒಂದು ರೂಪಾಯಿಯೂ ಬೇಡ. ಖಾತೆ ಕಂಪೆನಿ ಹೆಸರಿನಲ್ಲಿಲ್ಲದೆ ಯಾರದೋ ವ್ಯಕ್ತಿಯ ಯುಪಿಐ ಆಗಿದ್ದರೆ ಮಾತೇ ಬೇಡ.

ಹೆಜ್ಜೆ 5: ಇಎಂಐ ನಿಲ್ಲಿಸಿ ಎಂದರೆ ಕೇಳಬೇಡಿ

"ಕಂಪೆನಿ ತಾನಾಗಿ ದಾರಿಗೆ ಬರುತ್ತದೆ" ಎಂದು ಕೆಲವರು ಇಎಂಐ ನಿಲ್ಲಿಸಲು ಹೇಳುತ್ತಾರೆ. ಮೆಂಬರ್‌ಶಿಪ್‌ಗೆ ಸಾಲ ಕೊಟ್ಟದ್ದು ಬ್ಯಾಂಕ್ ಅಥವಾ ಫೈನಾನ್ಸ್ ಕಂಪೆನಿ ಆಗಿರಬಹುದು. ಅವರಿಗೆ ರೆಸಾರ್ಟ್ ಜಗಳ ಬೇಕಾಗಿಲ್ಲ. ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರ್ ಬೀಳುತ್ತದೆ. ನಾಳೆ ಮಗಳಿಗೆ ಎಜುಕೇಷನ್ ಲೋನ್ ಕೇಳುವಾಗ ತೊಂದರೆ.

ಹೆಜ್ಜೆ 6: ಏಜೆಂಟ್ ಬೇಕೇ ಬೇಕಾ?

ಹೆಚ್ಚಿನವರಿಗೆ ಬೇಡ. 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಿಂದಲೂ ಆಗದಿದ್ದರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪೆನಿಯ ಆಫೀಸು ಮುಂಬೈಯಲ್ಲಿದ್ದರೂ ದೂರು ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕೆಂದೂ ಇಲ್ಲ.

ಸಮಯ ಮಾತ್ರ ನೋಡಿಕೊಳ್ಳಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಹೋಗಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕಾಗುತ್ತದೆ. "ಫೈಲ್ ಮೂವ್ ಆಗ್ತಾ ಇದೆ ಸರ್" ಎಂದು ತಿಂಗಳುಗಟ್ಟಲೆ ಎಳೆಯುವ ಏಜೆಂಟ್ ನಿಮ್ಮ ಈ ಎರಡು ವರ್ಷವನ್ನೂ ತಿಂದುಹಾಕುತ್ತಾನೆ.

ಈಗಾಗಲೇ ಹಣ ಹೋಗಿದ್ದರೆ

ನಾಚಿಕೆ ಪಟ್ಟು ಸುಮ್ನೆ ಕೂರಬೇಡಿ, ಮನೆಯವರಿಂದ ಮುಚ್ಚಿಡಲೂ ಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ವಾಟ್ಸಾಪ್ ಮಾತುಕತೆ, ಯುಪಿಐ ರಶೀದಿ ಯಾವುದನ್ನೂ ಅಳಿಸಬೇಡಿ. ಕೆಲವು ವಾರ ಕಳೆದು "ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ" ಎಂದು ಇನ್ನೊಬ್ಬರು ಫೋನ್ ಮಾಡಬಹುದು. ಪಟ್ಟಿ ಅದೇ, ಕೇಳುವುದೂ ಮುಂಗಡವೇ.