ಮೆಟೀರಿಯಲೈಸ್ಡ್ ವ್ಯೂ ಹಳಸದಂತೆ ನೋಡಿಕೊಳ್ಳುವುದು ಹೇಗೆ?

ಪ್ರತಿ ಸಲ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡಿಸುವ ಬದಲು ಅದರ ಉತ್ತರವನ್ನೇ ಉಳಿಸಿಟ್ಟುಕೊಂಡರೆ ಅದು ಮೆಟೀರಿಯಲೈಸ್ಡ್ ವ್ಯೂ. ಆಮೇಲೆ ಡೇಟಾ ಬದಲಾದರೆ ಆ ಉತ್ತರ ಹಳಸುತ್ತದೆ, ಅದನ್ನು ತಿದ್ದುತ್ತಿರಬೇಕು. ಓದುವುದು ಜಾಸ್ತಿ, ಬದಲಾವಣೆ ಕಡಿಮೆ ಇರುವ ಕಡೆ ಮಾತ್ರ ಇದರ ಗೊಡವೆಗೆ ಹೋಗಿ. ಆಬ್ಜೆಕ್ಟ್ ಡೇಟಾಬೇಸಿನಲ್ಲಂತೂ (ಕೋಷ್ಟಕಗಳ ಬದಲು, ಒಂದನ್ನೊಂದು ತೋರಿಸುವ ಆಬ್ಜೆಕ್ಟ್‌ಗಳಾಗಿ ಡೇಟಾ ಇಡುವ ಡೇಟಾಬೇಸು) ಇದರ ನಿರ್ವಹಣೆ ಸ್ವಲ್ಪ ಕಿರಿಕಿರಿಯದು.

ಒಂದು ಉದಾಹರಣೆ ಹಿಡಿಯೋಣ. ಪ್ರತಿ ನೌಕರ ಆಬ್ಜೆಕ್ಟ್ ತನ್ನ ವಿಭಾಗವನ್ನು ತೋರಿಸುತ್ತದೆ, ವಿಭಾಗ ತನ್ನ ಕಟ್ಟಡವನ್ನು. ನಮಗೆ ಬೇಕಾದ ವ್ಯೂ: ಉತ್ತರ ಬ್ಲಾಕಿನಲ್ಲಿ ಕೆಲಸ ಮಾಡುವ ನೌಕರರು.

ಮೊದಲು ದಾರಿಯನ್ನು ಬರೆದುಕೊಳ್ಳಿ: ನೌಕರ.ವಿಭಾಗ.ಕಟ್ಟಡ.ಹೆಸರು. ಕಾಯಬೇಕಾದದ್ದು ವಿಭಾಗ, ಕಟ್ಟಡ, ಹೆಸರು ಈ ಮೂರನ್ನು. ಜೊತೆಗೆ ನೌಕರರು ಸೇರುವುದು, ಬಿಡುವುದು. ಮ್ಯಾನೇಜರ್ ಎಂಬ ಸಬ್‌ಕ್ಲಾಸ್ (ನೌಕರ ಎಂಬ ಬಗೆಯೊಳಗಿನ ಉಪಬಗೆ) ಇದ್ದರೆ ಅವರೂ ನೌಕರರೇ, ಮರೆಯಬೇಡಿ. ವ್ಯೂನಲ್ಲಿ ಆಬ್ಜೆಕ್ಟಿನ ಐಡಿ ಮಾತ್ರ ಇಡಿ. ಸಂಬಳವನ್ನೂ ನಕಲು ಮಾಡಿಟ್ಟಿರೋ, ಸಂಬಳ ಏರಿದಾಗಲೆಲ್ಲ ವ್ಯೂ ತಿದ್ದುತ್ತಾ ಕೂರಬೇಕು. ಸುಮ್ನೆ ಯಾಕೆ?

ಎರಡನೆಯ ಹೆಜ್ಜೆಯಲ್ಲೇ ಇರುವುದು ನಿಜವಾದ ಕಷ್ಟ. ಲೆಕ್ಕಪತ್ರ ವಿಭಾಗ ದಕ್ಷಿಣ ಬ್ಲಾಕಿಗೆ ಹೋಯಿತು ಅನ್ನಿ. ಒಂದು ನೌಕರ ಆಬ್ಜೆಕ್ಟನ್ನೂ ಯಾರೂ ಮುಟ್ಟಿಲ್ಲ. ಆದರೂ ಆ ವಿಭಾಗದವರೆಲ್ಲ ವ್ಯೂನಿಂದ ಹೊರಬೀಳಬೇಕು. ಅವರು ಯಾರ್ಯಾರು ಅಂತ ವಿಭಾಗಕ್ಕೆ ಗೊತ್ತಿರಬೇಕಲ್ವಾ? ಅದಕ್ಕೇ ಹಿಂದಕ್ಕೆ ಹೋಗುವ ದಾರಿ ಬೇಕು. ಆಬ್ಜೆಕ್ಟ್ ಡೇಟಾಬೇಸುಗಳಿಗಾಗಿ ರೂಪಿಸಿದ ಒಡಿಎಂಜಿ ಮಾನದಂಡದಲ್ಲಿ ಸಂಬಂಧಕ್ಕೆ ‘ಇನ್‌ವರ್ಸ್’, ಅಂದರೆ ಅದರ ಹಿಮ್ಮುಖ ಸಂಬಂಧವನ್ನು, ಘೋಷಿಸಬಹುದು. ಆ ಸೌಲಭ್ಯ ಇಲ್ಲದಿದ್ದರೆ ಯಾವ ಆಬ್ಜೆಕ್ಟನ್ನು ಯಾರು ತೋರಿಸುತ್ತಿದ್ದಾರೆ ಎಂಬ ಹಿಮ್ಮುಖ ಪಟ್ಟಿಯನ್ನು ನೀವೇ ಇಟ್ಟುಕೊಳ್ಳಿ. ಎರಡೂ ಇಲ್ಲದೆ ನೌಕರರನ್ನೆಲ್ಲ ಜಾಲಾಡುವುದಾದರೆ, ಉತ್ತರ ಉಳಿಸಿಟ್ಟು ಪಡೆದ ಲಾಭ ಅಲ್ಲೇ ಕರಗಿತು.

ಮುಂದಿನದು ಬದಲಾವಣೆಯನ್ನು ಹಿಡಿಯುವುದು. ವಿಭಾಗ, ಕಟ್ಟಡ, ಹೆಸರು ಈ ಮೂರನ್ನು ಬದಲಿಸುವ ಮೆಥಡ್‌ಗಳಲ್ಲೇ (ಆಬ್ಜೆಕ್ಟಿನ ಜೊತೆ ಬರುವ ಕೋಡ್ ತುಣುಕುಗಳು) ಕೋಡ್ ಸೇರಿಸಿ. ಹೊಸ ಮೌಲ್ಯ ಬರೆಯುವ ಮುಂಚೆ ಹಳೆಯದನ್ನು ಎತ್ತಿಟ್ಟುಕೊಳ್ಳಿ. ಹಳೆಯದು ಉತ್ತರ ಬ್ಲಾಕ್ ಆಗಿದ್ದರೆ ತೆಗೆಯಬೇಕು, ಹೊಸದು ಆಗಿದ್ದರೆ ಸೇರಿಸಬೇಕು. ವ್ಯೂವನ್ನು ಆ ಕ್ಷಣವೇ ತಿದ್ದಬೇಕೆಂದೇನಿಲ್ಲ. ಕಮಿಟ್ ಹೊತ್ತಿಗೆ, ಅಂದರೆ ಒಂದು ಟ್ರಾನ್ಸಾಕ್ಷನ್‌ನ (ಒಟ್ಟಾಗಿ ಆಗಬೇಕಾದ ಬದಲಾವಣೆಗಳ ಗುಂಪು) ಬದಲಾವಣೆಗಳನ್ನು ಖಾಯಂ ಮಾಡುವಾಗ, ಒಟ್ಟಿಗೆ ತಿದ್ದುವುದು ನನಗೆ ಹೆಚ್ಚು ಇಷ್ಟ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ವಿಭಾಗ ಅತ್ತ ಹೋಗಿ ಇತ್ತ ಬಂದರೆ ಕೆಲಸವೇ ಉಳಿಯುವುದಿಲ್ಲ.

ಒಬ್ಬ ನೌಕರ ಎರಡು ವಿಭಾಗಗಳಲ್ಲಿದ್ದು, ಎರಡೂ ಉತ್ತರ ಬ್ಲಾಕಿನಲ್ಲೇ ಇದ್ದರೆ? ಒಂದು ವಿಭಾಗ ಹೊರಟ ಮಾತ್ರಕ್ಕೆ ಆತನನ್ನು ತೆಗೆಯುವಂತಿಲ್ಲ. ಐಡಿ ಪಕ್ಕದಲ್ಲಿ ಎಷ್ಟು ದಾರಿಗಳಿವೆ ಎಂಬ ಎಣಿಕೆ ಇಡಿ, ಸೊನ್ನೆಯಾದಾಗ ತೆಗೆಯಿರಿ. ಸಂಶೋಧಕರಾದ ಗುಪ್ತಾ, ಮುಮಿಕ್, ಸುಬ್ರಹ್ಮಣ್ಯನ್ 1993ರಲ್ಲಿ ರಿಲೇಷನಲ್ (ಕೋಷ್ಟಕ ರೂಪದ ಡೇಟಾಬೇಸಿನ) ವ್ಯೂಗಳಿಗೆ ಹೇಳಿದ ಎಣಿಕೆಯ ಉಪಾಯವೇ ಇಲ್ಲೂ ನಡೆಯುತ್ತದೆ.

ವ್ಯೂನ ಷರತ್ತಿನಲ್ಲಿ ಮೆಥಡ್ ಇದ್ದರೆ ಅದು ಒಳಗೆ ಏನೇನು ಓದುತ್ತದೆ ಎಂಬುದು ಹೊರಗೆ ಕಾಣುವುದಿಲ್ಲ. ಅದು ಓಡುವಾಗ ಮುಟ್ಟಿದ ಆಬ್ಜೆಕ್ಟ್‌ಗಳನ್ನೆಲ್ಲ ಹಿಮ್ಮುಖ ಪಟ್ಟಿಗೆ ಸೇರಿಸಿ. ಇವತ್ತಿನ ತಾರೀಖು ನೋಡಿ ಉತ್ತರ ಹೇಳುವ ಮೆಥಡ್ ಆದರೆ ಈ ಪಟ್ಟಿಯೂ ಸಾಲದು. ಯಾವ ಆಬ್ಜೆಕ್ಟೂ ಬದಲಾಗದೆ ಉತ್ತರ ಬದಲಾಗಿರುತ್ತದೆ. ಅಂಥದ್ದನ್ನು ಉಳಿಸಿಡದಿರುವುದೇ ವಾಸಿ.

ಕೊನೆಗೆ ತಾಳೆ. ಲೋಡ್ ಕಡಿಮೆ ಇರುವ ಹೊತ್ತಿನಲ್ಲಿ ಕ್ವೆರಿಯನ್ನು ಮೊದಲಿನಿಂದ ಓಡಿಸಿ, ಐಡಿಗಳನ್ನು ವ್ಯೂ ಜೊತೆ ಹೋಲಿಸಿ. ವ್ಯೂನಲ್ಲಿ ಹೆಚ್ಚಿನ ಐಡಿ ಕಂಡರೆ ಹಿಮ್ಮುಖ ಪಟ್ಟಿಯನ್ನೂ ಎಣಿಕೆಯನ್ನೂ ಮೊದಲು ನೋಡಿ. ಕಡಿಮೆ ಕಂಡರೆ, ಹೊಸ ಆಬ್ಜೆಕ್ಟ್ ಸೃಷ್ಟಿಸುವ ಕಡೆ ಕೋಡ್ ಸೇರಿಸಿದ್ದೀರಾ ನೋಡಿ, ಸಬ್‌ಕ್ಲಾಸ್‌ಗಳಲ್ಲೂ.