ಹತ್ತೊಂಬತ್ತು ವರ್ಷ ಏಳು ತಿಂಗಳು, ಮತ್ತು ಉಳಿದದ್ದು

ಪಿಪಿಒ, ಅಂದರೆ ಪೆನ್ಷನ್ ಮಂಜೂರಾದ ಆದೇಶ, ಕೈಗೆ ಬಂದ ದಿನ ಅದರ ಫೋಟೊ ತೆಗೆದು ಆರೇಳು ಜನರಿಗೆ ಕಳಿಸಿದೆ. ಎಲ್ಲರೂ ನಮ್ಮ ಹಳೇ ಆಫೀಸರ್ಸ್ ಮೆಸ್‌ನವರೇ. ‘ಟಿಎ ಆಫೀಸರ್‌ಗೆ ಪೆನ್ಷನ್ನಾ? ಕನಸು ಕಾಣಬೇಡ’ ಎಂದು ನಕ್ಕಿದ್ದವರು. ಸಣ್ಣತನ ಅನ್ನಿ, ಪರವಾಗಿಲ್ಲ. ಟಿಎ ಅಂದರೆ ಟೆರಿಟೋರಿಯಲ್ ಆರ್ಮಿ, ಊರಲ್ಲಿ ಬೇರೆ ಉದ್ಯೋಗ ಇಟ್ಟುಕೊಂಡು ಕರೆದಾಗ ಹೋಗಿ ಸೇವೆ ಮಾಡುವವರ ಸೈನ್ಯ.

ಆಯ್ಕೆಯ ಇಂಟರ್‌ವ್ಯೂ, ಎಸ್‌ಎಸ್‌ಬಿ ಪರೀಕ್ಷೆ, ಆಮೇಲಿನ ತರಬೇತಿ ಎಲ್ಲವನ್ನೂ ಇಲ್ಲಿ ಬಿಡುತ್ತೇನೆ. ನಾನು ಹೇಳಬೇಕಿರುವುದು ದಿನಗಳ ಲೆಕ್ಕದ ವಿಷಯ. ಕಮಿಷನ್ ಆಗಿ, ಅಂದರೆ ಆಫೀಸರ್ ಆಗಿ ನೇಮಕವಾಗಿ, ಎಷ್ಟು ವರ್ಷವಾಯಿತು ಅನ್ನುವುದು ಪೆನ್ಷನ್ನಿಗೆ ಲೆಕ್ಕಕ್ಕಿಲ್ಲ. ಎಂಬಾಡಿಮೆಂಟ್‌ನಲ್ಲಿದ್ದ, ಅಂದರೆ ಕರೆ ಬಂದು ಹೋಗಿ ಪೂರ್ತಿ ಸೇವೆಯಲ್ಲಿದ್ದ, ದಿನಗಳನ್ನೇ ಕೂಡಿ ಇಪ್ಪತ್ತು ವರ್ಷ ಆಗಬೇಕು. ಜವಾನರಿಗೆ ಹದಿನೈದು ಸಾಕು. ನಡುವೆ ಮನೆಗೆ ಬಂದ ದಿನಗಳು ಸರ್ವಿಸ್ ಮುರಿಯುವುದಿಲ್ಲ, ಆದರೆ ಎಣಿಕೆಗೂ ಬರುವುದಿಲ್ಲ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಆರನೇ ವರ್ಷದಲ್ಲಿ! ಅಲ್ಲಿಯವರೆಗೆ ಮೂವ್‌ಮೆಂಟ್ ಆರ್ಡರ್‌ಗಳನ್ನು, ಅಂದರೆ ಹೋಗಿಬರಲು ಕೊಡುವ ಆದೇಶದ ಕಾಗದಗಳನ್ನು, ಊಟದ ಡಬ್ಬಿ ಸುತ್ತಲು ಬಳಸಿದ್ದೇನೆ.

ನನಗೆ ಕಮಿಷನ್ ಆಗಿದ್ದು 1997ರಲ್ಲಿ. ಆಗ ಖಾಸಗಿ ಕಂಪನಿಯೊಂದರಲ್ಲಿ ಇಂಜಿನಿಯರ್. ಸಂಬಳ ಹನ್ನೆರಡು ಸಾವಿರದ ಹತ್ತಿರ ಇತ್ತು. ಟಿಎಯಲ್ಲಿ ಲೆಫ್ಟಿನೆಂಟ್ ಮೂಲ ವೇತನ 8,250, ಮೇಲೆ ಭತ್ಯೆ. ಹೆಚ್ಚುಕಮ್ಮಿ ಒಂದೇ. ದುಡ್ಡಿಗಾಗಿ ಹೋಗಲಿಲ್ಲ ಎಂದರೆ ಮಾವನವರು ಇವತ್ತಿಗೂ ನಂಬುವುದಿಲ್ಲ. ‘ಅಳಿಯಂದ್ರೇ, ಅತ್ತ ಸೈನ್ಯವೂ ಅಲ್ಲ, ಇತ್ತ ನೌಕರಿಯೂ ಅಲ್ಲ, ಅಡಕತ್ತರಿಗೆ ಸಿಕ್ಕ ಅಡಿಕೆ ಆದ್ರಲ್ಲ’ ಎನ್ನುತ್ತಿದ್ದರು.

ಮೊದಲ ಸಲ ಎಂಬಾಡಿಮೆಂಟ್‌ಗೆ ಬಹಳ ಕಾಲ ಹೋಗಿ ಬಂದಾಗ ಕಂಪನಿಯಲ್ಲಿ ನನ್ನ ಕುರ್ಚಿಯೇ ಇರಲಿಲ್ಲ. 1948ರ ಟಿಎ ಕಾಯ್ದೆಯ 7ಎ ಸೆಕ್ಷನ್ ಜೆರಾಕ್ಸ್ ಮಾಡಿಸಿಕೊಂಡು ಹೋದೆ. ವಾಪಸ್ ತಗೊಳ್ಳಲೇಬೇಕು, ಮೊದಲಿಗಿಂತ ಕಡಿಮೆ ಕೆಲಸ ಕೊಡುವಂತಿಲ್ಲ ಎಂದು ತೋರಿಸಿದೆ. ತಗೊಂಡರು. ಸ್ಟೋರ್ ಪಕ್ಕ ಒಂದು ಮೇಜು ಹಾಕಿ ಕೂರಿಸಿದರು. ಕಾನೂನು ಕೆಲಸ ಉಳಿಸಿತು, ಮುಖ ಉಳಿಸಲಿಲ್ಲ. ಪಿಎಫ್ ಹಕ್ಕು 7ಬಿಯಲ್ಲಿದೆ, ಅದನ್ನೂ ಆಗಲೇ ಬರವಣಿಗೆಯಲ್ಲಿ ಕೇಳಬೇಕಿತ್ತು. ನಾನು ಕೇಳಲಿಲ್ಲ. ನಲವತ್ತು ಸಾವಿರದಷ್ಟು ಹೋಯಿತು ಅನ್ನಿಸುತ್ತೆ.

ಎರಡನೇ ಸಲ ಹೋಗಿ ಬರುವಷ್ಟರಲ್ಲಿ ಕಂಪನಿಯೇ ಮುಚ್ಚಿತ್ತು. ಅಪ್ಪನ ಅಡಿಕೆ ತೋಟ ನನ್ನ ಉದ್ಯೋಗವಾಯಿತು. ಇಲ್ಲಿಯೂ ಪೆಟ್ಟು ತಿಂದೆ. ನಾನು ಕಾಶ್ಮೀರದಲ್ಲಿದ್ದಾಗ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಸುವುದು ತಡವಾಗಿ, ಅಡಿಕೆಗೆ ಕೊಳೆ ರೋಗ ಬಂದು, ಆ ವರ್ಷ ಎರಡು, ಎರಡೂವರೆ ಲಕ್ಷ ನೆಲಕ್ಕೆ ಉದುರಿತು. ಮರುವರ್ಷದಿಂದ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟೆ. ದರ ಕಡಿಮೆ ಸಿಕ್ಕಿತು, ಆದರೆ ಬಂಕರ್‌ನಲ್ಲಿ ಕೂತು ಕೊಳೆ ಬಗ್ಗೆ ಯೋಚಿಸುವುದು ತಪ್ಪಿತು. ಟಿಎಯಲ್ಲಿ ಉದ್ದ ನಡೆಯಬೇಕಿದ್ದರೆ ಊರಿನ ಆದಾಯ ನಿಮ್ಮ ಕೈಕಾಲಿನ ಮೇಲೆ ನಿಂತಿರಬಾರದು. ಇದನ್ನು ಯಾರೂ ಹೇಳಿಕೊಡಲಿಲ್ಲ.

ಈಗ ದಿನಗಳ ಲೆಕ್ಕ ಬರೆದಿಟ್ಟ ನೋಟ್‌ಬುಕ್. ಇನ್ನೂರು ಪುಟದ ಸಾದಾ ಲೆಕ್ಕದ ಪುಸ್ತಕ. ಹೋಗಿ ಹಾಜರಾದ ದಿನ, ಬೆಳಗ್ಗೆಯೋ ಮಧ್ಯಾಹ್ನವೋ, ಬಿಟ್ಟ ದಿನ, ಮೂವ್‌ಮೆಂಟ್ ಆರ್ಡರ್ ನಂಬರ್, ಪಾರ್ಟ್ ಟೂ ಆರ್ಡರ್ (ಸೇವೆಯ ವಿವರಗಳನ್ನು ಯೂನಿಟ್ ದಾಖಲಿಸುವ ಆದೇಶ) ನಂಬರ್. ಪಕ್ಕದಲ್ಲಿ ಆ ತಿಂಗಳ ಪೇ ಸ್ಲಿಪ್‌ನಲ್ಲಿ ಎಷ್ಟು ದಿನದ ಸಂಬಳ ಬಂತು. ಈ ಕೊನೆಯ ಕಾಲಂ ಮುಖ್ಯ. ದಿನ ಮರೆತರೂ ದುಡ್ಡು ಮರೆಯುವುದಿಲ್ಲ. ಟಿಕೆಟ್‌ಗಾಗಿ ಸೈನ್ಯ ಕೊಡುವ ರೈಲ್ವೆ ವಾರಂಟ್‌ನ ಜೆರಾಕ್ಸನ್ನೂ ಅಂಟಿಸುತ್ತಿದ್ದೆ. ‘ರೀ, ಈ ರದ್ದಿ ಯಾವಾಗ ಮಾರ್ತೀರಿ?’ ಎಂದು ನಮ್ಮವಳು ದೀಪಾವಳಿಗೊಮ್ಮೆ ಕೇಳುತ್ತಿದ್ದಳು.

ನಿವೃತ್ತಿಯ ಹೊತ್ತಿಗೆ ಒಂದು ಕಚೇರಿಯಿಂದ ಬಂದ ಲೆಕ್ಕ: ಹತ್ತೊಂಬತ್ತು ವರ್ಷ ಏಳು ತಿಂಗಳು ಚಿಲ್ಲರೆ. ನನ್ನ ಪುಸ್ತಕದಲ್ಲಿ ಇಪ್ಪತ್ತು ದಾಟಿ ಹನ್ನೊಂದು ದಿನ. ಪುಟಕ್ಕೆ ಪುಟ ಇಟ್ಟು ನೋಡಿದರೆ ಬಿಟ್ಟುಹೋದದ್ದು ಎರಡು ಕಡೆ. ಹತ್ತು ವಾರದ ಒಂದು ಕೋರ್ಸ್, ಮತ್ತು ಮಂಡಿ ಮುರಿದುಕೊಂಡು ಮಲಗಿದ್ದ ಮೂರು ತಿಂಗಳು. ಎರಡಕ್ಕೂ ಪಾರ್ಟ್ ಟೂ ಆರ್ಡರ್ ಆಗಿತ್ತು, ಯಾರೂ ಸೇರಿಸಿರಲಿಲ್ಲ.

ಲೆಕ್ಕ ತಿದ್ದಿ ಎಂದು ಬರೆದ ಮೊದಲ ಮೂರು ಪತ್ರಕ್ಕೆ ಉತ್ತರವಿಲ್ಲ. ಸಿಟ್ಟಿನಲ್ಲಿ ಬರೆದಿದ್ದೆ, ಅದೇ ತಪ್ಪು. ಆಮೇಲೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆ. ದೂರು ಬರೆಯಲಿಲ್ಲ, ಆರ್ಡರ್ ನಂಬರ್ ಕೊಟ್ಟು ನಕಲು ಮಾತ್ರ ಕೇಳಿದೆ. ನಲವತ್ತು ದಿನದೊಳಗೆ ಅವರದೇ ಕಾಗದ ನನ್ನ ಕೈಯಲ್ಲಿತ್ತು. ಅದನ್ನಿಟ್ಟು ನಾಲ್ಕನೇ ಪತ್ರ. ಆ ಪತ್ರವನ್ನು ಯಾರ ಹೆಸರಿಗೆ, ಯಾವ ತಿಂಗಳಲ್ಲಿ ಕಳಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ಕೆಲಸ ಕೆಡುತ್ತದೆ.

ಕಮ್ಯುಟೇಷನ್, ಅಂದರೆ ಮೊದಲೇ ಒಟ್ಟಿಗೆ ತಗೊಂಡ ಪೆನ್ಷನ್ ಭಾಗ, ಕಳೆದು ಈಗ ಎಪ್ಪತ್ತರಿಂದ ಎಂಬತ್ತು ಸಾವಿರದ ನಡುವೆ ಬರುತ್ತದೆ. ಓಡಾಟ, ಜೆರಾಕ್ಸ್, ಪೋಸ್ಟ್ ಎಲ್ಲ ಸೇರಿ ನನ್ನ ಖರ್ಚು ಹದಿನೆಂಟು ಸಾವಿರ ಮೀರಿಲ್ಲ. ವಕೀಲರೊಬ್ಬರು ಒಂದೂವರೆ ಲಕ್ಷ ಕೇಳಿದ್ದರು.

ಅಂದಹಾಗೆ ಒಂದು ಸೋತ ಪ್ರಯೋಗ. ಮಸ್ಸೂರಿ ಬೆಟ್ಟದಲ್ಲಿ ಸುಣ್ಣದಕಲ್ಲು ಗಣಿಗಾರಿಕೆಯಿಂದ ಬೋಳಾದ ಜಾಗದಲ್ಲಿ ಟಿಎಯ 127ನೇ ಇಕೊ ಬೆಟಾಲಿಯನ್ (ಪರಿಸರ ಕೆಲಸದ ಪಡೆ) 1982ರಿಂದ ಮರ ಬೆಳೆಸಿದೆ. ಅಲ್ಲಿ ಕೆಲಸ ಮಾಡಿದ ಗೆಳೆಯನ ಮಾತು ಕೇಳಿ ನಮ್ಮ ಗುಡ್ಡದಲ್ಲೂ ಅಡ್ಡ ಕಾಲುವೆ ತೋಡಿಸಿ ಆರುನೂರು ಸಸಿ ನೆಟ್ಟೆ. ಅಲ್ಲಿ ನೀರು ನಿಲ್ಲಿಸುವುದು ಸಮಸ್ಯೆ, ಮಲೆನಾಡಲ್ಲಿ ನೀರು ಬಿಡುವುದು ಸಮಸ್ಯೆ. ಜುಲೈನಲ್ಲಿ ಕಾಲುವೆ ತುಂಬಿ ಬೇರು ಕೊಳೆತು ಅರ್ಧಕ್ಕೂ ಜಾಸ್ತಿ ಸತ್ತವು. ಬದುಕಿದವು ಕಾಲುವೆ ಕುಸಿದ ಕಡೆ ಇದ್ದವು!

ಮರಳು ತುಂಬಿದ ಚೀಲ ಹೊತ್ತು ತೋಟದಲ್ಲಿ ಓಡಿ ಬಿಪಿಇಟಿಗೆ, ಅಂದರೆ ಸೈನ್ಯದ ದೈಹಿಕ ಪರೀಕ್ಷೆಗೆ, ತಯಾರಾಗುತ್ತಿದ್ದದ್ದು ಮಾತ್ರ ಕೈ ಕೊಡಲಿಲ್ಲ. ಐದು ಕಿಲೊಮೀಟರ್ ಓಟದಲ್ಲಿ ನಲವತ್ತನಾಲ್ಕನೇ ವಯಸ್ಸಿನಲ್ಲೂ ಹುಡುಗರ ನಡುವೆ ಸೇರಿಕೊಂಡೇ ಬಂದಿದ್ದೇನೆ. ಮಂಡಿ ಹೋದದ್ದು ಆಮೇಲೆ, ಅದೂ ಮೆಟ್ಟಿಲಲ್ಲಿ.

2011ರಲ್ಲಿ ಕ್ರಿಕೆಟಿಗ ಧೋನಿಗೆ ಟಿಎಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟ ಮೇಲೆ ಊರಲ್ಲಿ ‘ನಿಮ್ಮದೂ ಸುಮ್ನೆ ಕೊಟ್ಟಿದ್ದೇನು?’ ಎಂದು ಕೇಳಿದವರಿದ್ದಾರೆ. ಅವರಿಗೆ ಆ ನೋಟ್‌ಬುಕ್ ತೋರಿಸುತ್ತಿದ್ದೆ. ಈಗ ಅದನ್ನು ಕೇಳಿಕೊಂಡು ಯೂನಿಟ್‌ನ ಇಬ್ಬರು ಕ್ಯಾಪ್ಟನ್‌ಗಳು ಫೋನ್ ಮಾಡಿದ್ದಾರೆ. ಜೆರಾಕ್ಸ್ ಕೊಡುತ್ತೇನೆ, ಪುಸ್ತಕ ಕೊಡುವುದಿಲ್ಲ. ಇನ್ನೂ ಎರಡು ವರ್ಷದ ಬಾಕಿ ಭತ್ಯೆಯ ಲೆಕ್ಕ ಅದರಲ್ಲೇ ಇದೆ.